ಮುಂಬಲ್ಲಿನ ಅಳತೆ: ನಗುವನ್ನು ತಿದ್ದಿಸಿಕೊಳ್ಳಲು ಹೊರಟವರಿಗೆ ಒಂದು ಬಹಿರಂಗ ಪತ್ರ



ಮದುವೆಗೆಂದೋ, ಉದ್ಯೋಗಕ್ಕೆಂದೋ, ಕನ್ನಡಿಯ ಮುಂದಿನ ಅಸಮಾಧಾನದಿಂದಲೋ ಮೇಲಿನ ಸಾಲಿನ ಮುಂದಿನ ಹಲ್ಲುಗಳ ಉದ್ದ ಅಗಲಗಳನ್ನು ಬದಲಿಸಿಕೊಳ್ಳಬೇಕೆಂದು ಯೋಚಿಸುತ್ತಿರುವವರನ್ನೂ, ಎಂಟು ವರ್ಷದ ಮಗುವಿನ ಬಾಯಲ್ಲಿ ಹೊಸದಾಗಿ ಮೂಡಿದ ಹಲ್ಲುಗಳು ಮುಖಕ್ಕೆ ತೀರ ದೊಡ್ಡವಾದುವೆಂದು ಚಿಂತಿಸುವ ಹೆತ್ತವರನ್ನೂ ಉದ್ದೇಶಿಸಿ ಈ ಪತ್ರ ಬರೆಯಲಾಗಿದೆ. ಹಲ್ಲಿನ ಅಂದವನ್ನು ಬಯಸುವುದು ತಪ್ಪೆಂದು ಹೇಳುವ ಉದ್ದೇಶ ಇದಕ್ಕಿಲ್ಲ. ಕುಂದದ ಮೊಗ್ಗನ್ನೂ ದಾಳಿಂಬೆಯ ಬೀಜವನ್ನೂ ಹಲ್ಲಿಗೆ ಹೋಲಿಸುತ್ತ ಬಂದ ಕಾವ್ಯಪರಂಪರೆಯುಳ್ಳ ನಾಡಿನಲ್ಲಿ ಹಾಗೆ ಹೇಳಿದರೆ ಅದು ಸಲ್ಲುವ ಮಾತೂ ಅಲ್ಲ. ಆದರೆ ಸುಂದರವಾದ ಹಲ್ಲಿಗೆ ಎಲ್ಲರಿಗೂ ಒಪ್ಪುವ ಒಂದು ಆದರ್ಶ ಸಂಖ್ಯೆಯುಂಟು, ಆ ಸಂಖ್ಯೆಗೆ ಹೊಂದದ ಹಲ್ಲು ದೋಷಯುಕ್ತವಾದುದು ಎಂಬ ನಂಬಿಕೆ ಈಚೆಗೆ ಜಾಹೀರಾತುಗಳ ಮೂಲಕ ಹರಡುತ್ತಿದ್ದು, ಅದರ ಆಧಾರ ಎಷ್ಟು ತೆಳುವಾದುದೆಂಬುದನ್ನು ಚಿಕಿತ್ಸೆಗೆ ಮುನ್ನವೇ ತಿಳಿದುಕೊಳ್ಳುವುದು ಅಗತ್ಯ. ಯಾಕೆಂದರೆ ಸಂಖ್ಯೆಯ ಹೆಸರಿನಲ್ಲಿ ಉಜ್ಜಿ ತೆಗೆದ ಹಲ್ಲಿನ ಭಾಗ ಮತ್ತೆಂದೂ ಬೆಳೆಯುವುದಿಲ್ಲ.

ಮೊದಲು ಹೆಸರುಗಳನ್ನೂ ಅಳತೆಗಳನ್ನೂ ಗೊತ್ತುಪಡಿಸಿಕೊಳ್ಳಬೇಕು. ಮೇಲಿನ ಸಾಲಿನ ನಟ್ಟನಡುವೆ ಇರುವ ಎರಡು ಅಗಲವಾದ ಹಲ್ಲುಗಳು ನಡು ಬಾಚಿಹಲ್ಲುಗಳು. ಅವುಗಳ ಇಬ್ಬದಿಯಲ್ಲಿ ಒಂದೊಂದಾಗಿ ಇರುವ ಸಣ್ಣ ಹಲ್ಲುಗಳು ಪಕ್ಕದ ಬಾಚಿಹಲ್ಲುಗಳು. ಅವುಗಳಾಚೆಗಿನ ಚೂಪು ತುದಿಯವು ಕೋರೆಹಲ್ಲುಗಳು. ವಸಡಿನಿಂದ ಹೊರಗೆ ಕಾಣುವ ಹಲ್ಲಿನ ಭಾಗವನ್ನು ದಂತಶಾಸ್ತ್ರದಲ್ಲಿ ಕಿರೀಟವೆಂದು ಕರೆಯಲಾಗುತ್ತದೆ. ಚಿಕಿತ್ಸಾಲಯದಲ್ಲಿ ಮೇಲೆ ಕೂರಿಸುವ ಕೃತಕ ಹೊದಿಕೆಯಾದ ಕ್ಯಾಪ್ ಬೇರೆ, ಈ ಸಹಜ ಕಿರೀಟ ಬೇರೆ. ದಂತರಚನಾಶಾಸ್ತ್ರದ ಪಠ್ಯಪುಸ್ತಕಗಳ ಪ್ರಕಾರ ನಡು ಬಾಚಿಹಲ್ಲಿನ ಕಿರೀಟದ ಸರಾಸರಿ ಅಗಲ 8.5 ಮಿಲಿಮೀಟರ್, ಉದ್ದ 10.5 ಮಿಲಿಮೀಟರ್, ಪಕ್ಕದ ಬಾಚಿಹಲ್ಲಿಗೆ ಇವು ಕ್ರಮವಾಗಿ 6.5 ಮತ್ತು 9, ಕೋರೆಹಲ್ಲಿಗೆ 7.5 ಮತ್ತು 10. ಇವು ಸರಾಸರಿಗಳೇ ಹೊರತು ವಿಧಿಗಳಲ್ಲ. ಆರೋಗ್ಯವಂತ ಬಾಯಿಗಳಲ್ಲಿಯೇ ನಡು ಬಾಚಿಹಲ್ಲಿನ ಅಗಲ ಅರ್ಧ, ಒಂದು ಮಿಲಿಮೀಟರ್ ಅತ್ತಿತ್ತ ಇರುವುದು ತೀರ ಸಾಮಾನ್ಯ, ಅಲ್ಲದೆ ಇಂಥ ಅಂಕಿಗಳಲ್ಲಿ ಬಹುಪಾಲು ಯುರೋಪು ಮತ್ತು ಅಮೆರಿಕಗಳ ಜನರ ಹಲ್ಲುಗಳಿಂದ ಬಂದವು.

ಅಳತೆಗಿಂತ ಹೆಚ್ಚು ಉಪಯುಕ್ತವಾದುದು ಒಂದೇ ಹಲ್ಲಿನ ಅಗಲಕ್ಕೂ ಉದ್ದಕ್ಕೂ ಇರುವ ಸಂಬಂಧ. ಅಗಲವನ್ನು ಉದ್ದದಿಂದ ಭಾಗಿಸಿದಾಗ ಬರುವ ಸಂಖ್ಯೆ ನಡು ಬಾಚಿಹಲ್ಲಿನಲ್ಲಿ ಶೇಕಡಾ 75ರಿಂದ 80ರ ನಡುವೆ ಇದ್ದರೆ ಹಲ್ಲು ಕಣ್ಣಿಗೆ ಹಿತವಾಗಿ ಕಾಣುತ್ತದೆಂಬುದು ದಂತಸೌಂದರ್ಯ ಚಿಕಿತ್ಸಕರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಈ ಸಂಖ್ಯೆ 85ನ್ನು ದಾಟಿದರೆ ಹಲ್ಲು ಮೊಂಡಾಗಿ, ಚೌಕವಾಗಿ ಕಾಣತೊಡಗುತ್ತದೆ. 70ಕ್ಕಿಂತ ಕೆಳಗಿಳಿದರೆ ಕಡ್ಡಿಯಂತೆ ಸಣಕಲಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಹಲ್ಲಿನ ಅಗಲ ಜೀವಮಾನದಲ್ಲಿ ಹೆಚ್ಚು ಬದಲಾಗದು, ಬದಲಾಗುವುದು ಉದ್ದ. ಪಾಸ್ಕಲ್ ಮ್ಯಾಗ್ನೆ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸವೆಯದ ನಡು ಬಾಚಿಹಲ್ಲುಗಳಲ್ಲಿ ಈ ಅನುಪಾತ ಸರಾಸರಿ ಶೇಕಡಾ 78 ಇದ್ದರೆ, ತುದಿ ಸವೆದ ಹಲ್ಲುಗಳಲ್ಲಿ ಅದು 87ಕ್ಕೆ ಏರಿತ್ತು. ಆದುದರಿಂದ ನಡುವಯಸ್ಸಿನಲ್ಲಿ ಹಲ್ಲು ಅಗಲವಾಯಿತೆಂದು ಅನ್ನಿಸುವವರ ಬಾಯಲ್ಲಿ ನಿಜವಾಗಿ ನಡೆದಿರುವುದು ಬಹುತೇಕ ಉದ್ದದ ನಷ್ಟವೇ ಆಗಿರುತ್ತದೆ. ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ, ಹುಳಿ ಪಾನೀಯಗಳ ಅತಿಬಳಕೆ, ಹೊಟ್ಟೆಯ ಆಮ್ಲ ಬಾಯಿಗೆ ಮರುಕಳಿಸುವ ತೊಂದರೆ ಇವೆಲ್ಲ ಆ ನಷ್ಟದ ಕಾರಣಗಳಾಗಿರಬಹುದು. ಕಾರಣವನ್ನು ಹುಡುಕದೆ ಉದ್ದವನ್ನಷ್ಟೆ ಕೂಡಿಸಿದರೆ, ಕೂಡಿಸಿದ ಭಾಗವೂ ಅದೇ ದಾರಿಯಲ್ಲಿ ಸವೆಯುವುದು ಅಥವಾ ಒಡೆಯುವುದು ನಿಶ್ಚಿತ.

ಮೊಂಡಾಗಿ ಕಾಣುವ ಹಲ್ಲೆಲ್ಲ ಸವೆದುದೇ ಆಗಬೇಕಿಲ್ಲ. ಹಲ್ಲು ಪೂರ್ತಿ ಮೂಡಿದ ಮೇಲೆ ವಸಡು ಕ್ರಮೇಣ ಹಿಂದಕ್ಕೆ ಸರಿದು ಕಿರೀಟವನ್ನು ಸಂಪೂರ್ಣವಾಗಿ ತೆರೆದಿಡಬೇಕು; ಕೆಲವರಲ್ಲಿ ಈ ಹಿಂಜರಿಕೆ ಅರ್ಧಕ್ಕೇ ನಿಂತು, ಉದ್ದವಾಗಿಯೇ ಇರುವ ಹಲ್ಲಿನ ಮೇಲ್ಭಾಗವನ್ನು ವಸಡು ಮುಚ್ಚಿಕೊಂಡಿರುತ್ತದೆ. ಇಂಥ ಬಾಯಿಯಲ್ಲಿ ನಗುವಾಗ ವಸಡು ಹೆಚ್ಚು, ಹಲ್ಲು ಕಡಿಮೆ ಕಾಣುತ್ತದೆ. ಇದಕ್ಕೆ ಹಲ್ಲಿನ ತುದಿಗೆ ಏನನ್ನೂ ಅಂಟಿಸುವ ಅಗತ್ಯವಿಲ್ಲ, ವಸಡಿನ ಅಂಚನ್ನು ಶಸ್ತ್ರಚಿಕಿತ್ಸೆಯಿಂದ ಮೇಲಕ್ಕೆ ಸರಿಸಿದರೆ ಅಡಗಿದ್ದ ಹಲ್ಲು ಹೊರಬರುತ್ತದೆ. ಆದರೆ ವಸಡನ್ನು ಇಷ್ಟ ಬಂದಷ್ಟು ಕತ್ತರಿಸುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಮೂಳೆಯ ಅಂಚಿನಿಂದ ಕಿರೀಟದ ಕಡೆಗೆ ವಸಡು ಹಲ್ಲಿಗೆ ಅಂಟಿಕೊಂಡಿರುವ ಪಟ್ಟಿಯೊಂದಿದ್ದು, 1961ರಲ್ಲಿ ಗಾರ್ಗಿಯುಲೊ, ವೆಂಟ್ಸ್ ಮತ್ತು ಆರ್ಬನ್ ಅವರು ಅದರ ಸರಾಸರಿ ಎತ್ತರವನ್ನು 2.04 ಮಿಲಿಮೀಟರ್ ಎಂದು ಅಳೆದರು. ಈ ಪಟ್ಟಿಯೊಳಗೆ ಕ್ಯಾಪಿನ ಅಂಚು ನುಗ್ಗಿದರೆ ವಸಡು ಸದಾ ಕೆಂಪಾಗಿ ಊದಿಕೊಂಡು ರಕ್ತ ಒಸರುತ್ತದೆ. ಲೇಸರ್‌ನಿಂದ ಹದಿನೈದು ನಿಮಿಷದಲ್ಲಿ ವಸಡು ತಿದ್ದಿಕೊಡುವ ಭರವಸೆ ಕೇಳಿದಾಗ, ಮೂಳೆಯ ಮಟ್ಟವನ್ನು ಪರೀಕ್ಷಿಸಲಾಗಿದೆಯೇ ಎಂದು ವಿಚಾರಿಸುವುದು ಜಾಣತನ.

ಮೂರನೆಯ ಕಾರಣ ತುಟಿ. ತುಟಿಗಳು ಸಡಿಲವಾಗಿ ತುಸು ತೆರೆದಿರುವಾಗ ಮೇಲಿನ ಬಾಚಿಹಲ್ಲುಗಳು ಎಷ್ಟು ಕಾಣುತ್ತವೆಂಬುದನ್ನು ವಿಗ್ ಮತ್ತು ಬ್ರುಂಡೊ ಎಂಬ ಸಂಶೋಧಕರು 1978ರಲ್ಲಿ ಅಳೆದು ಪ್ರಕಟಿಸಿದ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ: ಹೆಂಗಸರಲ್ಲಿ ಸರಾಸರಿ 3.40 ಮಿಲಿಮೀಟರ್, ಗಂಡಸರಲ್ಲಿ 1.91, ಮೂವತ್ತು ದಾಟದವರಲ್ಲಿ 3.37, ನಲವತ್ತರಿಂದ ನಲವತ್ತೊಂಬತ್ತರ ವಯಸ್ಸಿನವರಲ್ಲಿ 0.95, ಅರವತ್ತರ ಮೇಲೆ ಬಹುಮಟ್ಟಿಗೆ ಸೊನ್ನೆ. ವಯಸ್ಸಾದಂತೆ ಮೇಲ್ದುಟಿ ಇಳಿದು ಮೇಲಿನ ಹಲ್ಲು ಮರೆಯಾಗುತ್ತದೆ, ಕೆಳಗಿನ ಹಲ್ಲು ಹೆಚ್ಚು ಕಾಣುತ್ತದೆ. ಎಳೆತನ ಹಲ್ಲಿನ ಉದ್ದದಲ್ಲಿದೆ ಎಂಬ ಅನಿಸಿಕೆಯ ಮೂಲ ಇದೇ. ಚಿಕಿತ್ಸಕರು ರೋಗಿಯಿಂದ ಸರಳವಾದ ಒಂದು ಪದವನ್ನು ಹೇಳಿಸಿ, ಮಾತು ನಿಂತ ಕೂಡಲೆ ತುಟಿ ವಿರಮಿಸಿದ ಸ್ಥಿತಿಯಲ್ಲಿ ಹಲ್ಲಿನ ತುದಿಯನ್ನು ನೋಡುತ್ತಾರೆ. ಕನ್ನಡಿಗರಿಗೆ ‘ಅಮ್ಮ’ ಎಂಬುದು ಈ ಕೆಲಸಕ್ಕೆ ಯಾವ ತರಬೇತಿಯೂ ಬೇಡದ ಪದ. ಹೀಗೆ ಸವೆತ, ವಸಡು, ತುಟಿ ಎಂಬ ಮೂರು ಬೇರೆ ಬೇರೆ ಕಾರಣಗಳು ‘ಹಲ್ಲು ಗಿಡ್ಡ’ ಎಂಬ ಒಂದೇ ದೂರಿನ ಹಿಂದೆ ಇರಬಹುದಾಗಿದ್ದು, ಮೂರಕ್ಕೂ ಒಂದೇ ಚಿಕಿತ್ಸೆಯನ್ನು ಸೂಚಿಸುವ ಸಲಹೆಯನ್ನು ಅನುಮಾನದಿಂದಲೇ ನೋಡಬೇಕು.

ಇನ್ನು ಹೆಚ್ಚು ಪ್ರಚಾರ ಪಡೆದಿರುವ ಸುವರ್ಣ ಅನುಪಾತದ ವಿಷಯ. ಒಂದು ಗೆರೆಯನ್ನು ಎರಡು ತುಂಡು ಮಾಡಿದಾಗ, ಇಡೀ ಗೆರೆಗೂ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡ ತುಂಡಿಗೂ ಸಣ್ಣ ತುಂಡಿಗೂ ಇದ್ದರೆ ಅದು ಸುವರ್ಣ ಅನುಪಾತ. ಅದರ ಬೆಲೆ ಸುಮಾರು 1.618. ಪ್ರಾಚೀನ ಗ್ರೀಕ್ ಜ್ಯಾಮಿತಿಯಲ್ಲಿ ಗುರುತಿಸಲಾದ ಈ ಸಂಖ್ಯೆ ದಂತಚಿಕಿತ್ಸೆಗೆ ಪ್ರವೇಶಿಸಿದುದು ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ. 1973ರಲ್ಲಿ ರಿಚರ್ಡ್ ಲೊಂಬಾರ್ಡಿ ಅವರು ಕೃತಕ ದಂತಪಂಕ್ತಿಯ, ಎಂದರೆ ಜನರ ಮಾತಿನ ಹಲ್ಲುಸೆಟ್ಟಿನ, ಅಂದವನ್ನು ಕುರಿತು ಬರೆಯುತ್ತ, ನಡು ಬಾಚಿಹಲ್ಲಿಗೂ ಪಕ್ಕದ ಹಲ್ಲಿಗೂ ಇರುವ ಅನುಪಾತ ಮುಂದಿನ ಹಲ್ಲುಗಳಲ್ಲಿಯೂ ಮರುಕಳಿಸುವುದು ಕಣ್ಣಿಗೆ ಹಿತವೆಂದರು. ಆದರೆ ಸುವರ್ಣ ಅನುಪಾತವನ್ನು ಕಟ್ಟುನಿಟ್ಟಾಗಿ ಅನ್ವಯಿಸುವುದು ಹಲ್ಲುಗಳಿಗೆ ಅತಿಯಾಗುತ್ತದೆಂದೂ ಅವರೇ ಎಚ್ಚರಿಸಿದ್ದರು. ಎಚ್ಚರಿಕೆಯ ಭಾಗ ಮರೆತುಹೋಯಿತು. 1978ರಲ್ಲಿ ಎಡ್ವಿನ್ ಲೆವಿನ್ ಅವರು ಈ ಅನುಪಾತವನ್ನು ಸ್ಪಷ್ಟವಾದ ಮಾನದಂಡವಾಗಿ ಮುಂದಿಟ್ಟು, ಬಾಯಿಯ ಮುಂದೆ ಹಿಡಿದು ನೋಡುವ ಗೆರೆಜಾಲರಿಯನ್ನೂ ರೂಪಿಸಿದ ಮೇಲೆ ಅದು ಪಠ್ಯಗಳಿಗೂ ಪ್ರಯೋಗಾಲಯಗಳಿಗೂ, ಈಗ ಕಂಪ್ಯೂಟರ್ ತಂತ್ರಾಂಶಗಳಿಗೂ ಹಬ್ಬಿದೆ.

ಲೆವಿನ್ ಅವರ ಮಾತಿನಲ್ಲಿರುವ ಒಂದು ಸೂಕ್ಷ್ಮವನ್ನು ಜಾಹೀರಾತುಗಳು ಹೇಳುವುದೇ ಇಲ್ಲ. ಅನುಪಾತ ಅನ್ವಯವಾಗುವುದು ಹಲ್ಲಿನ ನಿಜವಾದ ಅಗಲಕ್ಕಲ್ಲ, ಎದುರಿನಿಂದ ಕಾಣುವ ಅಗಲಕ್ಕೆ. ದವಡೆ ಬಾಗಿರುವುದರಿಂದ ಪಕ್ಕದ ಬಾಚಿಹಲ್ಲು ತುಸು ಓರೆಯಾಗಿಯೂ ಕೋರೆಹಲ್ಲು ಇನ್ನೂ ಹೆಚ್ಚು ಓರೆಯಾಗಿಯೂ ನಿಂತಿರುತ್ತದೆ. ನಿಜದಲ್ಲಿ ಪಕ್ಕದ ಬಾಚಿಹಲ್ಲಿಗಿಂತ ಅಗಲವಾದ ಕೋರೆಹಲ್ಲು ಎದುರಿನಿಂದ ನೋಡಿದಾಗ ಕಿರಿದಾಗಿ ಕಾಣುವುದು ಇದರಿಂದಲೇ. ಸೂತ್ರದಂತೆ ನಡು ಬಾಚಿಹಲ್ಲು 8.5 ಮಿಲಿಮೀಟರ್ ಇದ್ದರೆ, ಕಾಣುವ ಅಗಲ ಪಕ್ಕದ ಹಲ್ಲಿಗೆ 5.25, ಕೋರೆಹಲ್ಲಿಗೆ ಬರಿಯ 3.25 ಆಗಬೇಕು. ನಿಜವಾದ ಬಾಯಿಗಳಲ್ಲಿ ಹಾಗಿದೆಯೇ ಎಂಬುದನ್ನು ಜ್ಯಾಕ್ ಪ್ರೆಸ್ಟನ್ ಅವರು 1993ರಲ್ಲಿ ಅಳೆದು ನೋಡಿದಾಗ, ನಡು ಮತ್ತು ಪಕ್ಕದ ಬಾಚಿಹಲ್ಲುಗಳ ನಡುವೆ ಸುವರ್ಣ ಅನುಪಾತ ಕಂಡುಬಂದುದು ಕೇವಲ ಶೇಕಡಾ 17 ಮಂದಿಯಲ್ಲಿ; ಪಕ್ಕದ ಬಾಚಿಹಲ್ಲು ಮತ್ತು ಕೋರೆಹಲ್ಲುಗಳ ನಡುವೆ ಅದು ಒಬ್ಬರಲ್ಲಿಯೂ ಇರಲಿಲ್ಲ. ಅವರು ಕಂಡ ಸರಾಸರಿಗಳು ಕ್ರಮವಾಗಿ ಶೇಕಡಾ 66 ಮತ್ತು 84ರ ಆಸುಪಾಸಿನವು. ಆ ಲೆಕ್ಕದಲ್ಲಿ 8.5ರ ಪಕ್ಕದಲ್ಲಿ 5.6, ಅದರಾಚೆ 4.7 ಬರುತ್ತದೆ. ಸೂತ್ರಕ್ಕೂ ಪ್ರಕೃತಿಗೂ ನಡುವೆ ಕೋರೆಹಲ್ಲಿನ ಜಾಗದಲ್ಲಿ ಸುಮಾರು ಒಂದೂವರೆ ಮಿಲಿಮೀಟರಿನ ಅಂತರವಿದೆ. ಬಾಯಿಯ ಅಳತೆಯಲ್ಲಿ ಇದು ಸಣ್ಣ ಅಂತರವಲ್ಲ. ಸೂತ್ರವನ್ನು ಅಕ್ಷರಶಃ ಪಾಲಿಸಿದ ಬಾಯಿಯಲ್ಲಿ ನಡುವಿನ ಎರಡು ಹಲ್ಲುಗಳು ಮೆರೆದು, ಮಿಕ್ಕವು ಹಿಂದಕ್ಕೆ ಹುದುಗಿ, ದವಡೆ ಇಕ್ಕಟ್ಟಾದಂತೆ ಕಾಣುತ್ತದೆ.

ಸೂತ್ರದ ಈ ಕುಂದನ್ನು ತುಂಬಲು ಬೇರೆ ಸೂತ್ರಗಳು ಬಂದವು. 1999ರಲ್ಲಿ ಸ್ಟೀಫನ್ ಸ್ನೋ ಅವರು ಒಂದು ಕೋರೆಹಲ್ಲಿನಿಂದ ಇನ್ನೊಂದರವರೆಗಿನ ಒಟ್ಟು ಅಗಲವನ್ನು ನೂರು ಎಂದಿಟ್ಟುಕೊಂಡು, ಪ್ರತಿ ಬದಿಯಲ್ಲಿ ನಡು ಬಾಚಿಹಲ್ಲಿಗೆ 25, ಪಕ್ಕದ್ದಕ್ಕೆ 15, ಕೋರೆಹಲ್ಲಿಗೆ 10 ಎಂದು ಹಂಚಿದರು. ಲೆಕ್ಕ ಹಾಕಿ ನೋಡಿದರೆ ಇದು ಹಳೆಯ ಅನುಪಾತವನ್ನೇ ಪೂರ್ಣಾಂಕಕ್ಕೆ ಇಳಿಸಿದ ರೂಪ, ಆದರೆ ಎಡಬಲಗಳ ಸಮತೋಲವನ್ನು ಒಂದೇ ನೋಟಕ್ಕೆ ತೋರಿಸುವ ಅನುಕೂಲ ಅದಕ್ಕಿದೆ. ಡೇನಿಯಲ್ ವಾರ್ಡ್ ಅವರು 2001ರಲ್ಲಿ ಮಂಡಿಸಿದ ವಿಚಾರ ಹೆಚ್ಚು ಉದಾರವಾದುದು: ಹಲ್ಲಿನಿಂದ ಹಲ್ಲಿಗೆ ಇಳಿಕೆಯ ಪ್ರಮಾಣ ಒಂದೇ ಆಗಿರಲಿ, ಆದರೆ ಅದು ಸುವರ್ಣ ಅನುಪಾತದ ಶೇಕಡಾ 61.8 ಆಗಲೇಬೇಕೆಂದಿಲ್ಲ, ಹಲ್ಲಿನ ಉದ್ದವನ್ನು ನೋಡಿಕೊಂಡು ಆರಿಸಿಕೊಳ್ಳಬಹುದು, ಸಾಧಾರಣ ಉದ್ದದ ಹಲ್ಲುಗಳಿಗೆ ಶೇಕಡಾ 70 ಒಪ್ಪುತ್ತದೆ ಎಂಬುದು ಅವರ ನಿಲುವು. ಉತ್ತರ ಅಮೆರಿಕದ ದಂತವೈದ್ಯರ ಮುಂದೆ ಚಿತ್ರಗಳನ್ನಿಟ್ಟು ಕೇಳಿದಾಗ ಹೆಚ್ಚಿನವರ ಮೆಚ್ಚುಗೆ ಸುವರ್ಣ ಅನುಪಾತಕ್ಕಿಂತ ಈ ಶೇಕಡಾ 70ರ ಕಡೆಗೇ ಇತ್ತು. ಸುವರ್ಣ ಅನುಪಾತವನ್ನು ಹಲ್ಲಿನ ವಿನ್ಯಾಸದ ಗುರಿಯಾಗಿ ಇಟ್ಟುಕೊಳ್ಳುವ ಪದ್ಧತಿ ಇಷ್ಟರಲ್ಲಿ ನಿವೃತ್ತವಾಗಬೇಕಿತ್ತು. ಆಗದಿರುವುದಕ್ಕೆ ಕಾರಣ ‘ಸುವರ್ಣ’ವೆಂಬ ವಿಶೇಷಣದ ಹೊಳಪೇ ಹೊರತು ಬೇರೆ ಪುರಾವೆಯಲ್ಲ.

ಹಲ್ಲಿನ ರೂಪವನ್ನು ಮುಖದಿಂದಲೋ ವ್ಯಕ್ತಿತ್ವದಿಂದಲೋ ಊಹಿಸುವ ಸಿದ್ಧಾಂತಗಳಿಗೂ ದೀರ್ಘ ಇತಿಹಾಸವಿದೆ. ಎಲ್ಲ ಹಲ್ಲುಗಳನ್ನೂ ಕಳೆದುಕೊಂಡವರಿಗೆ ಹಲ್ಲುಸೆಟ್ಟು ಮಾಡುವಾಗ ಮೂಲ ಹಲ್ಲು ಹೇಗಿತ್ತೆಂದು ತಿಳಿಯುವ ದಾರಿಯಿರದಿದ್ದ ಕಾಲದಲ್ಲಿ ಇವು ಹುಟ್ಟಿದವೆಂಬುದನ್ನು ಮರೆಯಬಾರದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆರಿ ಎಂಬವರು ನಡು ಬಾಚಿಹಲ್ಲಿನ ಅಗಲ ಮುಖದ ಅಗಲದ ಹದಿನಾರರಲ್ಲಿ ಒಂದು ಪಾಲು ಎಂದರು. ಕೆನ್ನೆಮೂಳೆಗಳ ನಡುವೆ 136 ಮಿಲಿಮೀಟರ್ ಇರುವ ಮುಖಕ್ಕೆ ಇದು ಸರಿಯಾಗಿ 8.5ನ್ನು ಕೊಡುತ್ತದೆ, ಬೇರೆ ಮುಖಗಳಿಗೆ ಸರಿಹೊಂದುತ್ತದೆಂಬ ಭರವಸೆಯಿಲ್ಲ. ಅಮೆರಿಕದ ಲಿಯಾನ್ ವಿಲಿಯಮ್ಸ್ ಅವರು 1914ರಲ್ಲಿ ಮುಖಗಳನ್ನು ಚೌಕ, ಕಿರಿದಾಗುತ್ತ ಹೋಗುವುದು, ಅಂಡಾಕಾರ ಎಂದು ಮೂರು ಬಗೆ ಮಾಡಿ, ಮುಖದ ಆಕಾರವನ್ನು ತಲೆಕೆಳಗು ಮಾಡಿದರೆ ಹಲ್ಲಿನ ಆಕಾರ ದೊರೆಯುತ್ತದೆಂದರು. ಐವತ್ತರ ದಶಕದಲ್ಲಿ ಫ್ರಷ್ ಮತ್ತು ಫಿಷರ್ ಅವರು ಲಿಂಗ, ವ್ಯಕ್ತಿತ್ವ, ವಯಸ್ಸು ಎಂಬ ಮೂರು ಆಧಾರಗಳನ್ನು ಸೇರಿಸಿ, ಹೆಂಗಸರ ಹಲ್ಲಿನ ಮೂಲೆಗಳು ದುಂಡಗೆ, ಗಂಡಸರದು ಕೋನಾಕಾರ ಇರಬೇಕೆಂದು ಬೋಧಿಸಿದರು. ಮುಂದೆ ನಿಜವಾದ ಹಲ್ಲುಗಳನ್ನು ಪರೀಕ್ಷೆಗಿಟ್ಟಾಗ ಮುಖಕ್ಕೂ ಹಲ್ಲಿಗೂ ಹೇಳಿದಂಥ ಹೊಂದಾಣಿಕೆ ಸಿಗಲಿಲ್ಲ. ಹಲ್ಲಿನ ಚಿತ್ರವನ್ನಷ್ಟೆ ನೋಡಿ ಅದು ಗಂಡಸಿನದೋ ಹೆಂಗಸಿನದೋ ಎಂದು ಗುರುತಿಸುವುದು ಪರಿಣತರಿಗೂ ಸಾಧ್ಯವಾಗಲಿಲ್ಲ. ಹೀಗಿದ್ದರೂ ಸ್ತ್ರೀಯರಿಗೆ ದುಂಡು, ಪುರುಷರಿಗೆ ಚೌಕ ಎಂಬ ಪಟ್ಟಿ ಅನೇಕ ಚಿಕಿತ್ಸಾಲಯಗಳ ಕೈಪಿಡಿಯಲ್ಲಿ ಇನ್ನೂ ಉಳಿದುಕೊಂಡಿದೆ.

ಇಷ್ಟಕ್ಕೂ ನೋಡುವವರಿಗೆ ಏನು ಕಾಣುತ್ತದೆ? ವಿನ್ಸೆಂಟ್ ಕೊಕಿಚ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಗುವಿನ ಚಿತ್ರಗಳನ್ನು ಹಂತಹಂತವಾಗಿ ಬದಲಿಸಿ, ಹಲ್ಲು ಸಾಲುಗೂಡಿಸುವ ತಜ್ಞರು, ಸಾಮಾನ್ಯ ದಂತವೈದ್ಯರು ಮತ್ತು ಜನಸಾಮಾನ್ಯರು ಎಂಬ ಮೂರು ಗುಂಪಿನವರಿಗೆ ತೋರಿಸಲಾಯಿತು. ಮೇಲಿನ ಹಲ್ಲುಗಳ ನಡುಗೆರೆ ಮುಖದ ನಡುಗೆರೆಯಿಂದ 4 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದರೂ ದಂತವೈದ್ಯರಿಗಾಗಲಿ ಜನಸಾಮಾನ್ಯರಿಗಾಗಲಿ ಅದು ಕುಂದಾಗಿ ಕಾಣಲಿಲ್ಲ. ಸಾಲುಗೂಡಿಸುವ ತಜ್ಞರಿಗೆ ಮಾತ್ರ ಕಂಡಿತು. ಆದರೆ ಹಲ್ಲುಗಳು 2 ಮಿಲಿಮೀಟರಿನಷ್ಟು ಓರೆಯಾದರೆ ಸಾಕು, ಮೂರೂ ಗುಂಪಿನವರು ಅದನ್ನು ಗುರುತಿಸಿದರು. ಜಗತ್ತಿನ ಕಣ್ಣಿಗೆ ಬೀಳುವುದು ಯಾವುದು, ಬೀಳದಿರುವುದು ಯಾವುದು ಎಂಬ ವಿವೇಚನೆಗೆ ಇದು ಒಳ್ಳೆಯ ಮಾರ್ಗದರ್ಶಿ. ಮೊಬೈಲ್ ಫೋನಿನ ಕಣ್ಣಂತೂ ಇನ್ನೂ ಮೋಸದ್ದು. ಕೈಯಳತೆಯ ದೂರದಿಂದ ತೆಗೆದ ಸ್ವಂತ ಚಿತ್ರದಲ್ಲಿ ಕ್ಯಾಮೆರಾಗೆ ಹತ್ತಿರವಿರುವ ಮೂಗು ಮತ್ತು ನಡು ಬಾಚಿಹಲ್ಲುಗಳು ಉಬ್ಬಿ, ದೂರದ ಕಿವಿ ಮತ್ತು ಕೆನ್ನೆಗಳು ಕುಗ್ಗಿ ಕಾಣುತ್ತವೆ. ಒಂದೂವರೆ ಎರಡು ಮೀಟರ್ ದೂರದಿಂದ ಬೇರೆಯವರು ತೆಗೆದ ಚಿತ್ರದಲ್ಲಿ ಅದೇ ಹಲ್ಲು ಸಹಜವಾಗಿರುತ್ತದೆ. ಸೆಲ್ಫಿಯನ್ನು ಮುಂದಿಟ್ಟುಕೊಂಡು ಹಲ್ಲು ಚಿಕ್ಕದು ಮಾಡಿಸಲು ಹೋಗುವುದೆಂದರೆ ಕ್ಯಾಮೆರಾದ ಸಾಮೀಪ್ಯಕ್ಕೆ ಹಲ್ಲಿನಿಂದ ದಂಡ ತೆತ್ತಂತೆ.

ಹಲ್ಲಿನ ಗಾತ್ರ ಕಣ್ಣಿನ ಲೆಕ್ಕವೂ ಹೌದೆಂಬುದಕ್ಕೆ ಪ್ರಯೋಗಾಲಯದ ತಂತ್ರಜ್ಞರ ಕೈಚಳಕವೇ ಸಾಕ್ಷಿ. ಹಲ್ಲಿನ ಮುಂಭಾಗ ಬದಿಗೆ ತಿರುಗುವ ಎರಡು ಅಂಚುಗಳ ನಡುವಿನ ಚಪ್ಪಟೆ ಪ್ರದೇಶದಿಂದ ಬೆಳಕು ನೋಡುಗರ ಕಡೆಗೆ ಮರಳುತ್ತದೆ. ಅಂಚುಗಳನ್ನು ಒಳಕ್ಕೆ ತಂದರೆ ಆ ಪ್ರದೇಶ ಕಿರಿದಾಗಿ, ಅಗಲವಾದ ಹಲ್ಲೂ ಸಪೂರವಾಗಿ ಕಾಣುತ್ತದೆ, ಹೊರಕ್ಕೆ ಸರಿಸಿದರೆ ಕಿರಿದಾದದ್ದು ಅಗಲವಾಗುತ್ತದೆ. ಉದ್ದ ಪಟ್ಟೆಯ ಸೀರೆ ಉಟ್ಟವರು ತೆಳ್ಳಗೆ ಕಾಣುವಂತೆ, ಹಲ್ಲಿನ ಮೇಲ್ಮೈಯಲ್ಲಿ ಉದ್ದುದ್ದದ ನವಿರಾದ ಏರಿಳಿತಗಳನ್ನು ಮೂಡಿಸಿದರೆ ಹಲ್ಲು ನೀಳವಾಗಿಯೂ ಅಡ್ಡಡ್ಡದ ಗೆರೆಗಳನ್ನು ಮೂಡಿಸಿದರೆ ಗಿಡ್ಡವಾಗಿಯೂ ತೋರುತ್ತದೆ. ಬಿಳುಪು ಹೆಚ್ಚಿದಷ್ಟೂ ಹಲ್ಲು ದೊಡ್ಡದಾಗಿ ಮುಂದಕ್ಕೆ ಬಂದಂತಾಗುವುದರಿಂದ, ಅತ್ಯಂತ ಬಿಳಿಯ ಛಾಯೆಯನ್ನೂ ದೊಡ್ಡ ಗಾತ್ರವನ್ನೂ ಒಟ್ಟಿಗೆ ಆರಿಸಿಕೊಂಡವರ ನಗುವಿನಲ್ಲಿ ಮುಖಕ್ಕಿಂತ ಮೊದಲು ಹಲ್ಲೇ ಕಾಣುತ್ತದೆ.

ಹಲ್ಲು ಅಂದಕ್ಕೆ ಮಾತ್ರ ಇರುವ ವಸ್ತುವಲ್ಲವೆಂಬುದು ಇಲ್ಲಿ ನೆನಪಾಗಬೇಕು. ಮೇಲಿನ ಆರು ಹಲ್ಲುಗಳ ಅಗಲದ ಮೊತ್ತಕ್ಕೂ ಕೆಳಗಿನ ಆರರ ಮೊತ್ತಕ್ಕೂ ಒಂದು ಹೊಂದಾಣಿಕೆಯಿದೆ. ವೇಯ್ನ್ ಬೋಲ್ಟನ್ ಅವರು 1958ರಲ್ಲಿ ತೋರಿಸಿದಂತೆ, ಚೆನ್ನಾಗಿ ಕೂಡುವ ಬಾಯಿಗಳಲ್ಲಿ ಕೆಳಗಿನ ಮೊತ್ತ ಮೇಲಿನ ಮೊತ್ತದ ಸರಾಸರಿ ಶೇಕಡಾ 77.2ರಷ್ಟಿರುತ್ತದೆ. ಪಕ್ಕದ ಬಾಚಿಹಲ್ಲು ಹುಟ್ಟಿನಿಂದಲೇ ಮೊಳೆಯಂತೆ ಸಣ್ಣದಾಗಿರುವ ಬಾಯಿಗಳಲ್ಲಿ ಈ ಲೆಕ್ಕ ತಪ್ಪಿ ಸಂದುಗಳು ಉಳಿಯುವುದುಂಟು, ಅಲ್ಲಿ ಆ ಹಲ್ಲನ್ನು ಅಗಲಗೊಳಿಸುವುದು ನ್ಯಾಯವಾದ ಚಿಕಿತ್ಸೆ. ಆದರೆ ಲೆಕ್ಕ ಸರಿಯಿರುವ ಬಾಯಿಯಲ್ಲಿ ಬರಿಯ ಇಷ್ಟಕ್ಕಾಗಿ ಮೇಲಿನ ಹಲ್ಲುಗಳನ್ನು ಹಿಗ್ಗಿಸಿದರೆ ಕಚ್ಚುವ ಹೊಂದಾಣಿಕೆ ಕೆಡುತ್ತದೆ. ಮಾತಿನ ಹೊಂದಾಣಿಕೆ ಇನ್ನೂ ನವಿರಾದುದು. ‘ವ’ಕಾರವನ್ನು ಉಚ್ಚರಿಸುವಾಗಲೂ ‘ಆಫೀಸು’, ‘ಫೀಸು’ ಎಂಬಂಥ ಎರವಲು ಪದಗಳ ‘ಫ’ಕಾರವನ್ನು ನುಡಿಯುವಾಗಲೂ ಮೇಲಿನ ಬಾಚಿಹಲ್ಲಿನ ತುದಿ ಕೆಳದುಟಿಯ ಒಣ ಭಾಗ ಮತ್ತು ತೇವದ ಭಾಗ ಕೂಡುವ ಗೆರೆಯನ್ನು ಹಗುರವಾಗಿ ಮುಟ್ಟಬೇಕು, ಹಲ್ಲು ಅತಿ ಉದ್ದವಾದರೆ ತುದಿ ತುಟಿಯೊಳಗೆ ಒತ್ತುತ್ತದೆ, ‘ಸ’ಕಾರ ಸೀಟಿಯಾಗುತ್ತದೆ.

ಹೆತ್ತವರಿಗೆ ಸಂಬಂಧಿಸಿದ ಮಾತು ಚಿಕ್ಕದು. ನಡು ಬಾಚಿಹಲ್ಲಿನ ಕಿರೀಟ ದವಡೆಯೊಳಗೆ ನಾಲ್ಕೈದು ವರ್ಷದ ಹೊತ್ತಿಗೇ ಪೂರ್ಣ ಗಾತ್ರದಲ್ಲಿ ಸಿದ್ಧವಾಗಿರುತ್ತದೆ. ಅದು ಏಳೆಂಟನೆಯ ವರ್ಷದಲ್ಲಿ ಹೊರಬರುವಾಗ ದೊಡ್ಡವರ ಹಲ್ಲು ಮಗುವಿನ ಮುಖದಲ್ಲಿ ನಿಂತಂತಾಗುತ್ತದೆ. ಮುಂದೆ ಬೆಳೆಯುವುದು ಮುಖ, ಹಲ್ಲಲ್ಲ. ಈ ವಯಸ್ಸಿನಲ್ಲಿ ಹಲ್ಲುಗಳ ನಡುವೆ ಸಂದಿರುವುದೂ ಅವು ತುಸು ಹೊರಕ್ಕೆ ವಾಲಿರುವುದೂ ಸಹಜ ಹಂತವೇ ಆಗಿದ್ದು, ಹನ್ನೊಂದು ಹನ್ನೆರಡರಲ್ಲಿ ಕೋರೆಹಲ್ಲು ಇಳಿದಾಗ ಬಹುಪಾಲು ಸಂದುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಹಲ್ಲು ತೀರ ಮುಂದಕ್ಕೆ ಚಾಚಿ, ಮಗು ಬಿದ್ದಾಗ ಪೆಟ್ಟಾಗುವ ಭಯವಿದ್ದರೆ ತಜ್ಞರಿಗೆ ತೋರಿಸಬೇಕು, ಉಳಿದಂತೆ ಕಾಯುವುದೇ ಚಿಕಿತ್ಸೆ.

ಗಾತ್ರ ಬದಲಿಸುವ ದಾರಿಗಳು ಹಲವು, ಅವುಗಳ ಬೆಲೆ ಮಾತ್ರ ಸಮನಲ್ಲ. ಹಲ್ಲಿನ ಹೊರಪದರವಾದ ಎನಾಮೆಲ್ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ವೇಳೆಗೆ ನಶಿಸಿಹೋಗುವುದರಿಂದ ಹೋದ ಎನಾಮೆಲ್ ಮರಳಿ ಬಾರದು. 1955ರಲ್ಲಿ ಮೈಕಲ್ ಬ್ಯೂನೊಕೋರ್ ಅವರು ಆಮ್ಲದಿಂದ ಎನಾಮೆಲ್ ಮೇಲ್ಮೈಯನ್ನು ಸೂಕ್ಷ್ಮವಾಗಿ ಒರಟಾಗಿಸಿ ಅದಕ್ಕೆ ರಾಳವನ್ನು ಅಂಟಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಉಜ್ಜದೆಯೇ ಅಥವಾ ಅತಿ ಕಡಿಮೆ ಉಜ್ಜಿ ಹಲ್ಲನ್ನು ತಿದ್ದುವುದು ಸಾಧ್ಯವಾಯಿತು. ಹಲ್ಲಿನ ಬಣ್ಣದ ರಾಳವಾದ ಕಾಂಪೊಸಿಟನ್ನು ನೇರವಾಗಿ ಅಂಟಿಸಿ ಉದ್ದ ಅಗಲಗಳನ್ನು ಕೂಡಿಸಬಹುದು. ಕಾಲಾನಂತರ ಅದು ಬಣ್ಣಗೆಡುತ್ತದೆ, ಅಂಚು ಒಡೆಯುತ್ತದೆ, ಆದರೆ ತೆಗೆದು ಮತ್ತೆ ಹಾಕಬಹುದು. ಪಿಂಗಾಣಿಯ ತೆಳು ಹೊದಿಕೆಯಾದ ವೆನೀರ್ ಹೆಚ್ಚು ಬಾಳುತ್ತದೆ, ಹೆಚ್ಚು ಹೊಳೆಯುತ್ತದೆ, ಆದರೆ ಸಾಮಾನ್ಯವಾಗಿ ಅದಕ್ಕಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಷ್ಟು ಎನಾಮೆಲ್ ತೆಗೆಯಬೇಕಾಗುತ್ತದೆ. ಪೂರ್ತಿ ಕ್ಯಾಪ್ ಎಲ್ಲಕ್ಕಿಂತ ದುಬಾರಿ, ಅದು ಹಣದ ಲೆಕ್ಕದಲ್ಲಲ್ಲ. ಎಡೆಲ್‌ಹಾಫ್ ಮತ್ತು ಸೊರೆನ್‌ಸೆನ್ ಅವರು 2002ರಲ್ಲಿ ತೂಗಿ ನೋಡಿದ ಪ್ರಕಾರ, ಮುಂದಿನ ಹಲ್ಲಿಗೆ ವೆನೀರ್ ಹಾಕುವಾಗ ಕಿರೀಟದ ಶೇಕಡಾ 3ರಿಂದ 30ರಷ್ಟು ಭಾಗ ಹೋದರೆ, ಪೂರ್ತಿ ಕ್ಯಾಪಿಗೆ ಶೇಕಡಾ 63ರಿಂದ 72ರಷ್ಟು ಹೋಗುತ್ತದೆ. ಆರೋಗ್ಯವಾದ ಹಲ್ಲಿನ ಮೂರನೆಯ ಎರಡು ಪಾಲನ್ನು ಅಂದಕ್ಕಾಗಿ ಉಜ್ಜಿ ಎಸೆಯುವುದನ್ನು ಚಿಕಿತ್ಸೆಯೆಂದು ಕರೆಯುವುದು ಕಷ್ಟ. ಅಗ್ಗದ ನಗುವಿಗಾಗಿ ಬ್ರಿಟನ್ನಿನಿಂದ ಟರ್ಕಿಗೆ ಹೋಗಿ, ಗಟ್ಟಿಮುಟ್ಟಾದ ಹಲ್ಲುಗಳನ್ನೆಲ್ಲ ಮೊಳೆಗಳಂತೆ ಕೊರೆಸಿಕೊಂಡು ಬಂದ ಯುವಜನರ ಬಗ್ಗೆ ಬ್ರಿಟನ್ನಿನ ದಂತವೈದ್ಯರು ಎಚ್ಚರಿಸುತ್ತಿರುವುದು ಇದೇ ಕಾರಣಕ್ಕೆ. ಹಾಗೆ ಕೊರೆದ ಹಲ್ಲಿನ ಒಳಗಿನ ನರ ಸತ್ತು ಬೇರುನಾಳ ಚಿಕಿತ್ಸೆ ಬೇಕಾಗಬಹುದು. ಇಪ್ಪತ್ತೈದರಲ್ಲಿ ಹಾಕಿಸಿದ ಕ್ಯಾಪುಗಳನ್ನು ಆಯುಷ್ಯದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬದಲಿಸಬೇಕಾಗಿಯೂ ಬರುತ್ತದೆ. 1930ರ ದಶಕದಲ್ಲಿ ಹಾಲಿವುಡ್ಡಿನ ದಂತವೈದ್ಯ ಚಾರ್ಲ್ಸ್ ಪಿಂಕಸ್ ಅವರು ನಟನಟಿಯರಿಗೆ ಮಾಡಿಕೊಡುತ್ತಿದ್ದ ತೆಳು ಹೊದಿಕೆಗಳು ಚಿತ್ರೀಕರಣದ ಹೊತ್ತಿಗೆ ಅಂಟಿಸಿಕೊಂಡು ಬಳಿಕ ತೆಗೆದಿಡುವಂಥವಾಗಿದ್ದವೆಂಬುದು ಈ ಸಂದರ್ಭದಲ್ಲಿ ನೆನೆಯತಕ್ಕದ್ದು. ತಾರೆಯರ ನಗು ಎಂದು ಇಂದು ಮಾರಲಾಗುವ ಸರಕಿನ ಮೂಲರೂಪ ತಾತ್ಕಾಲಿಕವಾದುದು.

ಕರ್ನಾಟಕಕ್ಕೆ ವಿಶೇಷವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಮೊದಲಾದ ಕಡೆಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದರಿಂದ, ಬಾಲ್ಯದಲ್ಲಿ ಅದನ್ನು ಕುಡಿದವರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಅಥವಾ ಕಂದು ಕಲೆಗಳು ಉಳಿಯುತ್ತವೆ. ಇಂಥ ಹಲ್ಲಿನ ಅಳತೆ ಮತ್ತು ಅನುಪಾತಗಳು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ, ತೊಂದರೆಯಿರುವುದು ಬಣ್ಣದಲ್ಲಿ. ಮೇಲ್ಪದರವನ್ನು ನವಿರಾಗಿ ಉಜ್ಜುವುದು, ಬಿಳುಪುಗೊಳಿಸುವುದು, ಕಲೆಯೊಳಕ್ಕೆ ರಾಳ ಇಳಿಸುವುದು ಇವುಗಳಲ್ಲಿ ಯಾವುದನ್ನೂ ಪ್ರಯತ್ನಿಸದೆ ಕಲೆಯಿದೆಯೆಂದು ಹಲ್ಲನ್ನೇ ಕೊರೆದು ಹೊಸ ಗಾತ್ರದ ಕ್ಯಾಪ್ ಕೂರಿಸಲು ಹೊರಡುವ ಸಲಹೆ ಬಂದರೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಗಾತ್ರ ಬದಲಿಸಲೇಬೇಕಾದ ಬಾಯಿಗಳೂ ಉಂಟು: ಮೊಳೆಯಂಥ ಪಕ್ಕದ ಹಲ್ಲು, ಅಪಘಾತದಲ್ಲಿ ಮುರಿದ ತುದಿ, ಆಮ್ಲದಿಂದ ಕರಗಿದ ಹಲ್ಲುಗಳು. ಅಂಥವರಿಗೂ ಉಳಿದೆಲ್ಲರಿಗೂ ಅನ್ವಯಿಸುವ ವಿಧಾನವೊಂದು ಈಗ ಸುಲಭವಾಗಿ ದೊರೆಯುತ್ತದೆ. ಹಲ್ಲಿನ ಅಚ್ಚು ತೆಗೆದು, ಆ ಮಾದರಿಯ ಮೇಲೆ ಮೇಣದಿಂದ ಅಥವಾ ಕಂಪ್ಯೂಟರಿನಲ್ಲಿ ಹೊಸ ಆಕಾರವನ್ನು ಕಟ್ಟಿ, ಅದರ ಪಡಿಯಚ್ಚಿನಲ್ಲಿ ತಾತ್ಕಾಲಿಕ ರಾಳವನ್ನು ತುಂಬಿ, ಒಂದಿಷ್ಟೂ ಉಜ್ಜದ ಸ್ವಂತ ಹಲ್ಲುಗಳ ಮೇಲೆ ಕೂರಿಸಿ ನೋಡುವುದು ಆ ವಿಧಾನ. ಉದ್ದ ಕೂಡಿಸುವುದನ್ನು ಹೀಗೆ ಬಾಯಲ್ಲೇ ಪರೀಕ್ಷಿಸಬಹುದು. ಅಗಲ ತಗ್ಗಿಸುವುದನ್ನು ಮಾತ್ರ ಈ ಬಗೆಯಲ್ಲಿ ತೋರಿಸಲಾಗದಾದುದರಿಂದ ಅದಕ್ಕೆ ಚಿತ್ರ ಮತ್ತು ಮಾದರಿಗಳನ್ನೇ ಅವಲಂಬಿಸಬೇಕು. ಪರದೆಯ ಮೇಲಿನ ನಗುವಿನ ಚಿತ್ರ ತುಟಿಯ ಚಲನೆಯನ್ನೂ ಮಾತನ್ನೂ ತಿಳಿಯದು, ಬಾಯಲ್ಲಿ ಕೂತ ಮಾದರಿಗೆ ಅದೆಲ್ಲ ತಿಳಿಯುತ್ತದೆ.

ಆದುದರಿಂದ ಚಿಕಿತ್ಸೆಗೆ ಹೊರಟಿರುವ ಎಲ್ಲರಲ್ಲಿ ಕೋರಿಕೆಯಿಷ್ಟೆ. ಹಲ್ಲಿನ ಈಗಿನ ಉದ್ದ ಅಗಲಗಳನ್ನು ಮಿಲಿಮೀಟರಿನಲ್ಲಿ ಬರೆದುಕೊಡುವಂತೆಯೂ ಸವೆತ, ವಸಡು, ತುಟಿ ಇವುಗಳಲ್ಲಿ ಯಾವುದು ಕಾರಣವೆಂದು ತಿಳಿಸುವಂತೆಯೂ ಎಷ್ಟು ಎನಾಮೆಲ್ ತೆಗೆಯಲಾಗುವುದೆಂದು ಹೇಳುವಂತೆಯೂ ವೈದ್ಯರನ್ನು ಕೇಳಿರಿ. ತಾತ್ಕಾಲಿಕ ಮಾದರಿಯನ್ನು ಬಾಯಲ್ಲಿಟ್ಟುಕೊಂಡು ಮಾತನಾಡಿ, ನಕ್ಕು, ಮನೆಯವರಿಗೆ ತೋರಿಸಿ, ಬೇರೆಯವರಿಂದ ದೂರದ ಚಿತ್ರ ತೆಗೆಸಿ ನೋಡಿರಿ. ಇವಿಷ್ಟೂ ಮುಗಿಯುವ ಮುನ್ನ ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕದಿರಿ.